ಮಸ್ಕಿ ದಾರಿಯಲ್ಲಿ ಕಳೆದ ಮುಕ್ಕಾಲು ಅಡಿ

ಕಪ್ಪು ಎರೆಮಣ್ಣಿನ ಹೊಲದಲ್ಲಿ ನೆಲದ ಮಟ್ಟ ಅಳೆಯುವವನಿಗೆ ಮೊದಲ ಶತ್ರು ಬಿಳಿಜೋಳ. ಆಳಿಗಿಂತ ಎತ್ತರ ಬೆಳೆದು ನಿಂತಿರುತ್ತದೆ, ದುರ್ಬೀನಿಗೆ ಕಣ್ಣಿಟ್ಟರೆ ಎಲೆ ಬಿಟ್ಟು ಮತ್ತೇನೂ ಕಾಣುವುದಿಲ್ಲ. ಕಡಿಸೋಣವೆಂದರೆ ರೈತನ ಹೊಟ್ಟೆಯ ಮೇಲೆ ಹೊಡೆದಂತೆ, ಮೇಲಾಗಿ ಅದಕ್ಕೆ ಹುಕುಂ ಕೂಡ ಇಲ್ಲ. ಹಾಗಾಗಿ ಸಿಂಧನೂರಿನಿಂದ ಹೊರಟ ನಾವು ಹೊಲದ ಬದು, ಬಂಡಿ ದಾರಿ, ಹಳ್ಳದ ದಂಡೆ ಹಿಡಿದು, ನೆಟ್ಟಗೆ ಹೋದರೆ ಒಂದು ದಿನದ ಕೆಲಸವನ್ನು ಮೂರು ದಿನ ಸುತ್ತುತ್ತಾ ಮಸ್ಕಿಯ ಕಡೆಗೆ ಸಾಗಿದ್ದೆವು.

ಆಗಿನ್ನೂ ನಿಜಾಮರ ರಾಜ್ಯ. ತುಂಗಭದ್ರೆಗೆ ಕಟ್ಟೆ ಕಟ್ಟಿ ಈ ಕಡೆಗೆ ಕಾಲುವೆ ತರಬೇಕೆಂಬ ಮಾತು ಕಾಗದದಿಂದ ನೆಲಕ್ಕೆ ಇಳಿಯುತ್ತಿದ್ದ ಕಾಲ. ಕಾಲುವೆ ಹಾಯುವ ದಾರಿಯಲ್ಲಿ ನೆಲ ಎಲ್ಲಿ ಎಷ್ಟು ಎತ್ತರ, ಎಲ್ಲಿ ಎಷ್ಟು ತಗ್ಗು ಎಂದು ಬರೆದುಕೊಡುವುದು ನನ್ನ ಕೆಲಸ. ನಾನು ರಾಯಚೂರು ಪೇಟೆಯಲ್ಲಿ ಹುಟ್ಟಿ, ಶಾಲೆಯಲ್ಲಿ ಉರ್ದು ಓದಿ, ಹೊಲವೆಂದರೆ ಬಂಡಿಯಲ್ಲಿ ಕೂತು ನೋಡುವುದೆಂದು ತಿಳಿದಿದ್ದವನು. ವಯಸ್ಸು ಇಪ್ಪತ್ತಾರು, ಸಿಟ್ಟು ಮೂಗಿನ ತುದಿಯಲ್ಲಿ.

ಕೆಲಸ ಕೇಳುವುದಕ್ಕೆ ಸುಲಭ. ಒಂದು ಗುರುತಿನ ಕಲ್ಲಿನ ಎತ್ತರ ಮೊದಲೇ ಗೊತ್ತಿರುತ್ತದೆ. ಅದರ ಮೇಲೆ ಅಂಕಿ ಬರೆದ ಉದ್ದನೆಯ ಕೋಲನ್ನು ಒಬ್ಬ ನೆಟ್ಟಗೆ ಹಿಡಿದು ನಿಲ್ಲುತ್ತಾನೆ. ನಾನು ಸ್ವಲ್ಪ ಮುಂದೆ ಲೆವೆಲ್ ಯಂತ್ರವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲಿಟ್ಟು, ಗಾಜಿನ ಕೊಳವೆಯ ಗುಳ್ಳೆ ನಟ್ಟನಡುವೆ ಬರುವ ತನಕ ತಿರುಪು ತಿರುಗಿಸಿ, ಕೋಲಿನ ಅಂಕಿ ಓದುತ್ತೇನೆ. ಆಮೇಲೆ ಕೋಲಿನವನು ನನ್ನನ್ನು ದಾಟಿ ಮುಂದೆ ಹೋಗಿ ನಿಲ್ಲುತ್ತಾನೆ. ಆ ಅಂಕಿಯನ್ನೂ ಓದುತ್ತೇನೆ. ಎರಡರ ಅಂತರವೇ ನೆಲದ ಏರಿಳಿತ. ಹೀಗೆ ದಿನಕ್ಕೆ ನೂರು ಸಲ. ಮೈಲಿಗೊಂದು ಕಡೆ, ಗುಡಿಯ ಮೆಟ್ಟಿಲೋ ಬಂಡೆಯೋ, ಕದಲದ ಜಾಗ ನೋಡಿ ಅದರ ಎತ್ತರ ಬರೆದಿಡಬೇಕು. ಮರುದಿನ ಅಲ್ಲಿಂದಲೇ ಶುರು. ಒಂದು ಕಡೆ ಎಡವಿದರೆ ಮುಂದಿನ ಅಂಕಿಗಳೆಲ್ಲ ಅದೇ ತಪ್ಪನ್ನು ಹೊತ್ತುಕೊಂಡು ನಡೆಯುತ್ತವೆ.

ಕೋಲು ಹಿಡಿಯುವ ಖಲಾಸಿಯನ್ನು ನಾನು ಕಾಕಾ ಎನ್ನುತ್ತಿದ್ದೆ. ಮೂವತ್ತು ವರ್ಷದಿಂದ ಅದೇ ಕೆಲಸ ಮಾಡಿದವನು. ವಜೀಫಾ, ಎಂದರೆ ಪಿಂಚಣಿ, ಸಿಗಲು ಇನ್ನೆರಡು ವರ್ಷ ಉಳಿದಿತ್ತು. ಕೋಲಿಗೆ ಹಳೆಯ ಸೀರೆಯ ಗವಸು ಹೊಲಿಸಿದ್ದ. ಎರಡೂ ಕೈಯ ತುದಿಬೆರಳಲ್ಲಿ ಕೋಲನ್ನು ಹಗುರಾಗಿ ಹಿಡಿದು, ಹಿಂದೆ ಮುಂದೆ ಒಂದಿಷ್ಟು ತೂಗಿ, ಎಲ್ಲಿ ನೆಟ್ಟಗಾಗುತ್ತದೋ ಅಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ. ಅಂಥ ಕೈಯನ್ನು ನಾನು ಮತ್ತೆ ನೋಡಿಲ್ಲ.

ಬೆಳಿಗ್ಗೆ ಬಿಸಿಲೇರುವ ಮೊದಲು, ಮಧ್ಯಾಹ್ನ ಇಳಿಬಿಸಿಲಲ್ಲಿ, ಇಷ್ಟೇ ಓದುವ ಹೊತ್ತು. ನಡುಹಗಲಲ್ಲಿ ಎರೆ ನೆಲದ ಕಾವಿಗೆ ಕೋಲಿನ ಅಂಕಿಗಳು ಕುಣಿಯುತ್ತವೆ. ಆ ಹೊತ್ತಿನಲ್ಲಿ ಬದುವಿನ ಮೇಲೆ ಕೂತು ನೋಡುತ್ತಿದ್ದೆ. ಜೋಳದ ಹೊಲದ ಅಂಚಿಗೆ ದನ ಬಾಯಿ ಹಾಕದಿರಲೆಂದು ಬಿತ್ತಿದ ಮುಳ್ಳಿನ ಕುಸುಬಿ ಸಾಲು ಹಳದಿಯಾಗಿ ಹೂ ಬಿಟ್ಟಿತ್ತು. ಹತ್ತಿ ಹೊಲದಲ್ಲಿ ಚಿಗರಿಯ ಹಿಂಡು ನಮ್ಮನ್ನು ಕಂಡರೂ ಓಡದೆ ತಲೆಯೆತ್ತಿ ಯಂತ್ರವನ್ನೇ ದಿಟ್ಟಿಸುತ್ತಿತ್ತು. ಮುಂಜಾನೆ ಲಾವಕ್ಕಿಗಳು ಕಾಲಡಿಯಿಂದಲೇ ಭರ್ರೆಂದು ಏಳುತ್ತಿದ್ದವು. ಪೇಟೆಯಲ್ಲಿ ಇಷ್ಟು ವರ್ಷ ಏನು ನೋಡಿದೆನೋ ಎಂದು ನನಗೆ ನಾಚಿಕೆಯೇ ಆಗತೊಡಗಿತ್ತು.

ಮಸ್ಕಿಗೆ ಇನ್ನು ಏಳು ಮೈಲಿ ಇದೆ ಎನ್ನುವಾಗ ಸಂಕಟ ಬಂತು. ಹಿಂದಿನ ಗುರುತು ಒಂದು ಹಣಮಪ್ಪನ ಗುಡಿಯ ಕಟ್ಟೆಯ ಮೇಲಿತ್ತು. ಅಲ್ಲಿಂದ ಮೈಲಿ ನಡೆದರೂ ಗುಡಿಯಿಲ್ಲ, ಬಂಡೆಯಿಲ್ಲ, ಬರೀ ಎರೆ. ಇಂಥ ಕಡೆ ಗಟ್ಟಿ ನೆಲ ಸಿಗುವ ತನಕ ಅಗೆದು, ಗಾರೆ ಹಾಕಿ ಕಲ್ಲು ನೆಡಬೇಕೆಂಬುದು ನಿಯಮ. ಗಾರೆ ಕಲೆಸುತ್ತಾ ಕೂರಲು ನನಗೆಲ್ಲಿ ಪುರುಸೊತ್ತು? ಮರುದಿನ ಎಳ್ಳಮಾವಾಸ್ಯೆ, ಆಳುಗಳು ರಜೆ ಕೇಳಿದ್ದರು, ಮಸ್ಕಿ ನೋಡುವ ಆಸೆ ನನಗೂ ಇತ್ತು. ಮುದಗಲ್ಲಿನ ಕಡೆಯಿಂದ ತರಿಸಿದ ಕಡೆದ ಕಲ್ಲೊಂದು ಬಂಡಿಯಲ್ಲಿತ್ತು. ಹೊಲದ ಬದುವಿನಲ್ಲಿ ಒಂದು ಬನ್ನಿ ಗಿಡ. ಅದರ ಕೆಳಗಾದರೆ ಮತ್ತೆ ಹುಡುಕಲು ಸುಲಭವೆಂದು ಒಂದೂವರೆ ಅಡಿ ಅಗೆಸಿ, ನಾಲ್ಕು ಬೆರಳು ಮೇಲೆ ಕಾಣುವಂತೆ ಕಲ್ಲು ಹೂಳಿಸಿ, ಮಣ್ಣು ತುಳಿಸಿ, ಗಿಡದ ಬುಡದಿಂದ ಎಷ್ಟು ದೂರವೆಂದು ಬರೆದುಕೊಂಡೆ. ಅದರ ಮೇಲೆ ಕೋಲಿಟ್ಟು ಓದಿ ದಿನದ ಕೆಲಸ ಮುಗಿಸಿದೆ.

ಆ ಹೊಲದ ಒಡತಿ ಗಿಡದ ಬುಡ ಕಸ ಹೊಡೆಯಲು ಬಂದಿದ್ದಳು. ಐವತ್ತು ದಾಟಿದ ಹೆಂಗಸು, ದೊಡ್ಡ ದನಿ.

"ಯಪ್ಪಾ, ನಾಳಿ ಎಳ್ಳಮಾಸಿ. ಹೊಲಕ್ಕ ಎಡಿ ತೋರಿಸಿ ಚರಗಾ ಚೆಲ್ಲಾಕ ನಮ್ಮ ಮಂದಿ ಎಲ್ಲಾ ಇಲ್ಲೇ ಬರ್ತೀವಿ. ನೀವೂ ಉಣ್ಣಾಕ ಬರ್ರಿ" ಎಂದಳು.

"ಇಲ್ಲವ್ವಾ, ಮಸ್ಕಿಗೆ ಹೊಂಟೀವಿ. ಆದರ ನೋಡು, ಈ ಕಲ್ಲು ಸರ್ಕಾರದ್ದು. ಇದ್ದ ಜಾಗ ಬಿಟ್ಟು ಒಂದು ಬೆರಳೂ ಸರೀಬಾರದು" ಎಂದೆ.

"ಆತು ತಗೋ. ಒಂದ ಬಟ್ಟಿನಷ್ಟೂ ಸರಿಸಂಗಿಲ್ಲ."

ಹೇಳಬೇಕಾದ್ದನ್ನು ಹೇಳಿದೆನೆಂದು ನಾನು ನೆಮ್ಮದಿಯಾಗಿ ಬಂಡಿ ಹತ್ತಿದೆ.

ಮಸ್ಕಿ ಆಗ ಪುಟ್ಟ ಊರು. ಒಂದು ಅಂಗಡಿ ಸಾಲು, ಹತ್ತಿ ತುಂಬಿದ ಅಂಡಿಗೆಗಳ ವಾಸನೆ, ಒಂದು ಚಾವಡಿ, ಊರ ಬೆನ್ನಿಗೆ ಗುಂಡುಗಲ್ಲಿನ ಗುಡ್ಡ. ಚಾವಡಿಯಲ್ಲಿ ಮಲಗಿ ಎದ್ದು, ಕಾಕಾನನ್ನು ಕರೆದುಕೊಂಡು ಬೆಳಿಗ್ಗೆ ಗುಡ್ಡ ಹತ್ತಿದೆ. ಮೇಲಿನಿಂದ ನೋಡಿದರೆ ಕಣ್ಣು ಹಾಯುವ ತನಕ ಕರಿ ನೆಲ, ಅದರ ಮೇಲೆ ಜೋಳದ ಹಸಿರು, ಹಸಿರಿನ ಸುತ್ತ ಕುಸುಬಿಯ ಹಳದಿ ಅಂಚು. ಕೆಳಗೆ ಹಳ್ಳದ ಉಸುಕಿನಲ್ಲಿ ಹೆಂಗಸರು ವರತೆ ತೋಡಿ ತಟ್ಟೆಯಿಂದ ನೀರು ಮೊಗೆದು ಕೊಡಕ್ಕೆ ಹೊಯ್ಯುತ್ತಿದ್ದರು. ಇಷ್ಟು ಫಲವತ್ತಾದ ನೆಲ, ಕುಡಿಯಲು ಮಾತ್ರ ತಟ್ಟೆ ತಟ್ಟೆ ನೀರು. ನಾನು ಎಳೆಯುತ್ತಿದ್ದ ಗೆರೆಯ ಮೇಲೆ ಮುಂದೊಂದು ದಿನ ನೀರು ಹರಿಯುತ್ತದೆ ಎಂಬುದು ಆವತ್ತು ಮೊದಲ ಸಲ ಮನಸ್ಸಿಗೆ ನಾಟಿತು.

ಇಳಿದು ಬರುವಷ್ಟರಲ್ಲಿ ಊರು ಖಾಲಿ. ಮನೆಮನೆಯ ಬಂಡಿ ಬುತ್ತಿ ಹೊತ್ತು ಹೊಲದ ದಾರಿ ಹಿಡಿದಿತ್ತು. ಯಾವುದೋ ಮನೆಯವರು, ಹೆಸರು ಕೇಳಲಿಲ್ಲ ಕುಲ ಕೇಳಲಿಲ್ಲ, "ಹಬ್ಬದ ದಿನ ಚಾವಡ್ಯಾಗ ಕುಂತೀರಲ್ರೀ, ಏರ್ರಿ ಬಂಡಿ" ಎಂದು ನಮ್ಮಿಬ್ಬರನ್ನೂ ಎಳೆದುಕೊಂಡೇ ಹೋದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ, ಕೆನೆಮೊಸರು. ಉಂಡು ಏಳಲಾರದೆ ಕೂತಿದ್ದಾಗ ಗಿಡದ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲು ಕಂಡವು. ಏನೆಂದು ಕೇಳಿದೆ. "ಪಾಂಡವ್ರು ರೀ. ಹೊಲಾ ಕಾಯೋರು" ಎಂದರು. ನಮ್ಮ ಮನೆಗೆ ಹೊಲವಿರಲಿಲ್ಲ. ಎಳ್ಳಮಾವಾಸ್ಯೆ ಎಂದರೆ ನನಗೆ ಊಟವಷ್ಟೇ ಗೊತ್ತಿತ್ತು. ಚೆನ್ನಾಗಿದೆ ಎಂದುಕೊಂಡು ಇನ್ನೊಂದು ಹೋಳಿಗೆ ತಿಂದೆ.

ಮರುದಿನ ಬನ್ನಿ ಗಿಡಕ್ಕೆ ಮರಳಿದಾಗ ನನ್ನ ಕಲ್ಲಿಗೂ ಸುಣ್ಣ ಬಳಿದಿತ್ತು, ಕುಂಕುಮವಿಟ್ಟಿತ್ತು. ಪಕ್ಕದಲ್ಲಿ ಇನ್ನು ನಾಲ್ಕು ಕಲ್ಲು ಕೂತಿದ್ದವು. ಸುತ್ತ ಸಗಣಿ ಸಾರಿಸಿ ಕೆಮ್ಮಣ್ಣು ಬಳಿದಿದ್ದರು. ನಾನು ಮೊದಲು ನಕ್ಕೆ. ಆಮೇಲೆ ಅನುಮಾನ ಬಂದು ಪಟ್ಟಿ ಬಿಚ್ಚಿ ಗಿಡದ ಬುಡದಿಂದ ಅಳೆದೆ. ಕೂದಲೆಳೆಯಷ್ಟೂ ಸರಿದಿರಲಿಲ್ಲ. ಮೊದಲಿನ ಹಾಗೆಯೇ ನಾಲ್ಕು ಬೆರಳು ಮೇಲೆ ಕಾಣುತ್ತಿತ್ತು. "ಭಲೇ ಅವ್ವಾ" ಎಂದು ಮನಸ್ಸಿನಲ್ಲೇ ಹೊಗಳಿ, ಕಾಕಾನಿಗೆ ಕೋಲು ಇಡಲು ಹೇಳಿ, ಅಲ್ಲಿಂದ ಕೆಲಸ ಶುರು ಮಾಡಿದೆ.

ನಾಲ್ಕನೆಯ ದಿನ ಮಸ್ಕಿಯ ಬಂಡೆ ಮುಟ್ಟಿದೆವು. ಗುಡ್ಡದ ಬುಡದ ಆ ಬಂಡೆಯ ಮೇಲೆ ಹಿಂದಿನ ಸರ್ವೆಯವರು ಕೊರೆದ ಗುರುತಿದೆ, ಅದರ ಎತ್ತರ ದಫ್ತರದಲ್ಲಿದೆ. ನಮ್ಮ ಲೆಕ್ಕ ಅದಕ್ಕೆ ಹೊಂದಬೇಕು. ಕೂಡಿದೆ, ಕಳೆದೆ. ಮುಕ್ಕಾಲು ಅಡಿ ಕಡಿಮೆ ಬಂತು. ಮತ್ತೆ ಕೂಡಿದೆ. ಮುಕ್ಕಾಲು ಅಡಿಯೇ. ಕಾಲುವೆಗೆ ಒಂದು ಮೈಲಿಯಲ್ಲಿ ಕೊಡುವ ಇಳಿಜಾರೇ ಅಷ್ಟಿಲ್ಲ. ಈ ಅಂಕಿ ನಂಬಿ ಅಗೆದರೆ ನೀರು ಮುಂದೆ ಹೋಗುವ ಬದಲು ಹಿಂದಕ್ಕೆ ನೋಡುತ್ತಾ ನಿಲ್ಲುತ್ತದೆ.

ಯಂತ್ರವನ್ನು ಅನುಮಾನಿಸಿದೆ. ಎರಡು ಗೂಟ ಬಡಿದು, ನಡುವೆ ಒಮ್ಮೆ, ಒಂದು ಗೂಟದ ಹತ್ತಿರ ಒಮ್ಮೆ ಇಟ್ಟು ಪರೀಕ್ಷಿಸಿದೆ. ಯಂತ್ರ ಚೊಕ್ಕವಾಗಿತ್ತು. ಹಾಗಾದರೆ ಬನ್ನಿ ಗಿಡದಿಂದ ಮಸ್ಕಿಯ ತನಕ ಮತ್ತೊಮ್ಮೆ ಅಳೆಯೋಣವೆಂದು ಹಿಂದಕ್ಕೆ ಹೋಗಿ ಅದೇ ಕಲ್ಲಿನಿಂದ ಹೊರಟು ಮತ್ತೆ ನಾಲ್ಕು ದಿನ ನಡೆದೆವು. ಮತ್ತೆ ಅದೇ ಮುಕ್ಕಾಲು ಅಡಿ! ಅಂದರೆ ಈ ಅರ್ಧ ಸರಿ, ತಪ್ಪು ಇರುವುದು ಕಲ್ಲಿಗಿಂತ ಹಿಂದಿನ ಅರ್ಧದಲ್ಲಿ ಎಂದು ತೀರ್ಮಾನಿಸಿದೆ. ಆ ಅರ್ಧದಲ್ಲಿ ಒಂದು ಆಳವಾದ ಹಳ್ಳವಿತ್ತು. ನಮ್ಮ ಕೋಲು ಒಂದರೊಳಗೊಂದು ಸೇರುವ ತುಂಡುಗಳದು, ಅಲ್ಲಿ ಮಾತ್ರ ಅದನ್ನು ಪೂರ್ತಿ ಎಳೆದು ನಿಲ್ಲಿಸಿದ್ದೆವು. ಎಳೆದ ತುಂಡು ಚಿಲಕಕ್ಕೆ ಸರಿಯಾಗಿ ಬೀಳದಿದ್ದರೆ ಮೆಲ್ಲಗೆ ಕೆಳಗೆ ಜಾರುತ್ತದೆ. ನನ್ನ ಸಿಟ್ಟಿಗೆ ಒಂದು ಮುಖ ಸಿಕ್ಕಿಬಿಟ್ಟಿತು.

"ಕಾಕಾ, ಹಳ್ಳದಾಗ ಚಿಲಕ ಬಿದ್ದಿತ್ತೇನು?"

"ಬಿದ್ದಿತ್ರೀ ರಾಯರ. ಚಿಲಕದ ಸಪ್ಪಳಾ ಕೇಳೇ ನಾ ಕೈ ಎತ್ತಿದ್ದು."

"ಈ ವಯಸ್ಸಿನಾಗ ನಿನಗ ಏನು ಸಪ್ಪಳ ಕೇಳತೈತಿ, ಸುಡುಗಾಡು!"

ಅವನು ಕೋಲನ್ನು ಗವಸಿಗೆ ಹಾಕಿ ದಾರ ಕಟ್ಟಿದ. ಆ ಮಾತನ್ನು ನುಂಗಿಕೊಳ್ಳಲು ನನಗೆ ಈಗಲೂ ಆಗುವುದಿಲ್ಲ. ಆದರೆ ಅವತ್ತು ಅದನ್ನು ಕಾಗದದ ಮೇಲೂ ಇಳಿಸಿದೆ. 'ಹಳ್ಳ ದಾಟುವಲ್ಲಿ ಕೋಲಿನವನ ಅಜಾಗ್ರತೆಯಿಂದ ಮೇಲಿನ ತುಂಡು ಜಾರಿರಬಹುದು' ಎಂದು ಬರೆದುಕೊಂಡು ಲಿಂಗಸುಗೂರಿಗೆ ಹೋದೆ. ನಮ್ಮ ಇಂಜಿನಿಯರ್ ಸಾಹೇಬರ ಡೇರೆ ಅಲ್ಲಿತ್ತು.

ಸಾಹೇಬರು ಓದಿ, ತಲೆಯೆತ್ತದೆ, "ಬುಡ್ಢೇ ಕೋ ಘರ್ ಭೇಜೋ" ಎಂದರು. ಮುದುಕನನ್ನು ಮನೆಗೆ ಕಳಿಸು. ವಜೀಫಾ ಏನಾಗುತ್ತದೆ ಎಂದು ಕೇಳಿದೆ. ತಪ್ಪಿಗಾಗಿ ತೆಗೆದವನಿಗೆ ವಜೀಫಾ ಎಲ್ಲಿಯದು ಎಂದರು. ನಾನು 'ಜಾರಿರಬಹುದು' ಎಂದು ಬರೆದದ್ದು ಇಷ್ಟು ಬೇಗ 'ಜಾರಿತು' ಆಗುತ್ತದೆಂದು ತಿಳಿದಿರಲಿಲ್ಲ. ಹಿಂದಿನ ಅರ್ಧವನ್ನೂ ಅಳೆದು ಖಚಿತ ಮಾಡಿಕೊಳ್ಳುತ್ತೇನೆ, ಎಂಟು ದಿನ ಕೊಡಿ ಎಂದು ಗೋಗರೆದೆ. ಕೊಟ್ಟರು.

ಸುದ್ದಿ ಕಾಕಾನಿಗೆ ನಾನೇ ಹೇಳಿದೆ. "ಆಗಲಿ ಬಿಡ್ರಿ. ನಿಮ್ಮ ತಪ್ಪಿಲ್ಲ" ಎಂದ. ನನ್ನನ್ನು ಎರಡೇಟು ಹೊಡೆದಿದ್ದರೆ ಹಗುರಾಗುತ್ತಿತ್ತು.

ಬನ್ನಿ ಗಿಡದಿಂದ ಹಿಂದಕ್ಕೆ ಅಳೆಯುತ್ತಾ ಸಿಂಧನೂರಿನ ಕಡೆ ಹೋಗುವುದೆಂದು ಯೋಚಿಸಿ, ಮರುದಿನ ನಡುಹಗಲಿಗೆ ಅಲ್ಲಿಗೆ ಬಂದೆವು. ಬಿಸಿಲು ಇಳಿಯಲೆಂದು ನೆರಳಲ್ಲಿ ಕೂತೆವು. ಒಡತಿ ಹೊಲದಲ್ಲೇ ಇದ್ದಳು. ಹಾಲುಗಾಳಿನ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಡಿದು, ಕೇರಿ, ಬಿಸಿಬಿಸಿ ಸೀತನಿ ಮಾಡಿ ಬೆಲ್ಲದ ಜೊತೆ ತಂದು ಇಟ್ಟಳು. ನಮ್ಮ ಮುಖ ನೋಡಿದಳು.

"ಯಾಕ ಕಾಕಾ, ಮಾರಿ ಸಣ್ಣದ ಮಾಡ್ಕೊಂಡು ಕುಂತೀರಿ?"

"ಮುಕ್ಕಾಲು ಅಡಿ ಕಳಕೊಂಡೀವಿ ಬೇ ಯವ್ವಾ. ಹುಡುಕಾಕತ್ತೀವಿ" ಎಂದ ಕಾಕಾ.

"ಹೊಲದಾಗ ಬಿದ್ದಿದ್ರ ಎಲ್ಲಿ ಹೋಗತೈತಿ, ಸಿಗತೈತಿ ತಗೋ" ಎಂದು ನಕ್ಕು ನನ್ನ ಕಡೆ ತಿರುಗಿದಳು. "ನಿನ್ನ ಕಲ್ಲು ಹೆಂಗ ಇಟ್ಟೀನಿ ನೋಡಿದಿಲ್ಲ ಯಪ್ಪಾ? ನಮ್ಮ ಸಹದೇವ ಹ್ವಾದ ಮುಂಗಾರ್ಯಾಗ ಹೊಲಾ ಹರಗಾಗ ಕುಂಟಿಗೆ ಸಿಕ್ಕು ಒಡದು ಹೋಗಿದ್ದ. ನಾಲ್ಕ ಮಂದೀನ ಪೂಜಿ ಮಾಡೂದು ಹೆಂಗಂತ ಚಿಂತಿ ಆಗಿತ್ತು. ನೀ ತಂದ ಕೊಟ್ಟಿ."

"ಪೂಜಿ ಮಾಡಿದ್ದು ಛಲೋ ಆತು" ಎಂದೆ, ಮನಸ್ಸು ಎಲ್ಲೋ ಇಟ್ಟುಕೊಂಡು.

"ಆದರ ನೀ ಅವನ್ನ ಕುತಗಿ ಮಟಾ ಹೂತಿದ್ದಿ ನೋಡು. ಉಳದ ನಾಲ್ಕೂ ಮಂದಿ ಮ್ಯಾಲ ಕುಂತು ಇವನೊಬ್ಬನ ಕೆಳಗ ಇದ್ರ ಹೆಂಗ? ದೇವ್ರಿಗೆ ಉಸುರ ಕಟ್ಟಂಗಿಲ್ಲೇನು? ನಮ್ಮ ಯಜಮಾನ್ರು ಮದಲ ಹಗ್ಗ ಹಿಡದು ಗಿಡದಿಂದ ಅಳತಿ ತಗೊಂಡ್ರು. ಆಮ್ಯಾಲ ಎತ್ತಿ, ತೊಳದು, ಕೆಳಗ ಒಂದ ಗೇಣ ಹಸಿ ಮಣ್ಣ ತುಂಬಿ, ಅಲ್ಲೇ ಕುಂಡರಿಸಿ, ಸುತ್ತ ಕಟ್ಟಿ ಕಟ್ಟೀವಿ. ಒಂದ ಬಟ್ಟ ಆಕಡಿ ಈಕಡಿ ಆಗಿಲ್ಲ. ಬೇಕಾದ್ರ ಈಗ ಅಳದ ನೋಡು!"

ಒಂದು ಗೇಣು. ಒಂಬತ್ತು ಅಂಗುಲ. ಮುಕ್ಕಾಲು ಅಡಿ.

ಬಾಯಿಯಲ್ಲಿದ್ದ ಸೀತನಿ ಅಲ್ಲೇ ಉಳಿಯಿತು. ಕಲ್ಲು ಗೇಣೆತ್ತರ ಏರಿತ್ತು, ಸುತ್ತಲ ಕಟ್ಟೆಯೂ ಜೊತೆಗೇ ಏರಿದ್ದರಿಂದ ಮೊದಲಿನ ನಾಲ್ಕು ಬೆರಳೇ ಕಂಡಿತ್ತು. ನಾನು ಪುಸ್ತಕದಲ್ಲಿ ಹಳೆಯ ಎತ್ತರವನ್ನೇ ಹಿಡಿದು ಮುಂದೆ ನಡೆದಿದ್ದೆ, ಅದೂ ಎರಡೆರಡು ಸಲ. ಸರಿಯಬಾರದು ಎಂದಿದ್ದೆ, ಏರಬಾರದು ಎಂದಿರಲಿಲ್ಲ. ಎತ್ತರ ಅಳೆಯಲು ಸಂಬಳ ತಿನ್ನುವವನು ಪಟ್ಟಿ ಹಿಡಿದು ದೂರ ಅಳೆದು ಸಮಾಧಾನಪಟ್ಟಿದ್ದೆ. ಆ ಹೆಂಗಸು ನನ್ನ ಮಾತನ್ನು ಚಾಚೂ ತಪ್ಪದೆ ನಡೆಸಿದ್ದಳು.

ನನ್ನ ಮುಖ ನೋಡಿ ಅವಳ ಮುಖ ಇಳಿಯಿತು. "ಯಾಕಪ್ಪಾ, ತಪ್ಪಾತೇನು?" ಎಂದಳು. ಆಚೆ ಎತ್ತಿಗೆ ಮೇವು ಹಾಕುತ್ತಿದ್ದ ಗಂಡ ಕೈ ನಿಲ್ಲಿಸಿ ನಮ್ಮ ಕಡೆ ನೋಡಿದ. ಸರ್ಕಾರಿ ನಿಶಾನೆಯ ಕಲ್ಲು ಕಿತ್ತವನಿಗೆ ಏನಾಗುತ್ತದೆಂದು ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ನಾನು ಒಂದು ಗೆರೆ ಬರೆದರೆ ಸಾಕು, ಪೊಲೀಸ್ ಪಾಟೀಲ ಬಂದು ಆತನನ್ನು ಠಾಣೆಯ ಅಮೀನರ ಮುಂದೆ ನಿಲ್ಲಿಸುತ್ತಾನೆ. ಆ ಗೆರೆ ಬರೆದರೆ ಕಾಕಾನ ನೌಕರಿ ಉಳಿಯುತ್ತದೆ, ನನ್ನ ಹೆಸರೂ ಉಳಿಯುತ್ತದೆ.

ಕಾಕಾ ನನ್ನ ತೋಳು ಹಿಡಿದು ಕುಸುಬಿ ಸಾಲಿನ ಆಚೆಗೆ ಕರೆದುಕೊಂಡು ಹೋದ.

"ರಾಯರ, ಒಂದ ಮಾತು. ಈ ಮಂದಿ ಹೆಸರ ತೆಗೀಬ್ಯಾಡ್ರಿ. ಹಳ್ಳದಾಗ ನನ್ನ ಕೋಲೇ ಜಾರೇತಿ ಅಂತ ಬರೀರಿ. ಹೆಂಗೂ ಒಮ್ಮಿ ಬರದೀರಿ. ನಂದೇನು, ಇನ್ನೆಷ್ಟ ದಿನದ ನೌಕರಿ. ಅವನ್ನ ಎಳದ್ರ ಒಕ್ಕಲತನಾನ ಹಾಳಾಗತೈತಿ. ಉಣ್ಣಾಕ ಇಟ್ಟ ಕೈ ಅದು."

ಒಮ್ಮೆ ಬರೆದೀರಿ! ಅವನು ಚುಚ್ಚಿ ಹೇಳಲಿಲ್ಲ, ಇದ್ದದ್ದನ್ನು ಹೇಳಿದ. ನನಗೆ ಅಳು ಬಂತು. ಜೊತೆಗೆ ಸಿಟ್ಟೂ ಬಂತು. ಈ ಸಲ ಸಿಟ್ಟು ಸರಿಯಾದ ಮನುಷ್ಯನ ಮೇಲೆ ತಿರುಗಿತು. ಅಷ್ಟು ಹೊತ್ತಿಗೆ ನನಗೆ ದಾರಿ ಕಂಡಿತ್ತು, ಅದು ಕಷ್ಟದ್ದೂ ಆಗಿರಲಿಲ್ಲ, ಬರೀ ನಾಚಿಕೆಯದು. ಆ ಗಿಡದ ಕೆಳಗೇ ಕೂತು ಬರೆದೆ. 'ಗುರುತಿನ ಕಲ್ಲನ್ನು ನಿಯಮ ಮೀರಿ, ಸಡಿಲ ಎರೆಯಲ್ಲಿ, ಗಾರೆಯಿಲ್ಲದೆ, ಜನ ಪೂಜೆಗೆ ಸೇರುವ ಗಿಡದ ಕೆಳಗೆ ನಾನು ನೆಡಿಸಿದೆ. ಅವಸರ ನನ್ನದು. ಕಲ್ಲು ನೆಟ್ಟ ಎತ್ತರದಲ್ಲಿ ನಿಲ್ಲಲಿಲ್ಲ. ತಿರುಗಿ ಬಂದಾಗ ಎತ್ತರ ಪರೀಕ್ಷಿಸದೆ ಮುಂದೆ ನಡೆದೆ. ಕೋಲಿನವನ ಬಗ್ಗೆ ಹಿಂದೆ ಬರೆದದ್ದು ತಪ್ಪು, ಅದನ್ನು ಹಿಂತೆಗೆದುಕೊಳ್ಳುತ್ತೇನೆ.' ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಹೇಳದೆ ಬಿಟ್ಟದ್ದು ಒಂದಿತ್ತು.

"ಏನೂ ತಪ್ಪಾಗಿಲ್ಲವ್ವಾ. ಕಲ್ಲು ನಿಮಗೇ ಇರಲಿ. ಸರ್ಕಾರಕ್ಕ ಬ್ಯಾರೆ ಜಾಗ ಹುಡುಕತೀನಿ" ಎಂದು ಒಡತಿಗೆ ಹೇಳಿದೆ. ಅವಳು ಉಳಿದ ಸೀತನಿಯನ್ನೆಲ್ಲ ನನ್ನ ಪಂಚೆಯ ತುದಿಗೆ ಕಟ್ಟಿದಳು.

ಹೊರಡುವ ಮೊದಲು ಹಣಮಪ್ಪನ ಗುಡಿಯ ಕಟ್ಟೆಯಿಂದ ಆ ಕಲ್ಲಿನ ತನಕ ಒಂದು ಮೈಲಿಯ ಮಟ್ಟ ಮತ್ತೆ ಅಳೆದೆ. ಕಲ್ಲು ಮುಕ್ಕಾಲು ಅಡಿ ಮೇಲಿತ್ತು, ಅನುಮಾನ ಉಳಿಯಲಿಲ್ಲ. ಆಮೇಲೆ ಸಂತೆಕಲ್ಲೂರಿನ ಮೇಲೆ ಹಾಯ್ದು ಲಿಂಗಸುಗೂರಿಗೆ ಹೋದೆ. ಬಂಡಿಯವನು ದಾರಿಯುದ್ದಕ್ಕೂ ತೊಗರಿ ಬೆಳೆಯ ಸುದ್ದಿ ಹೇಳುತ್ತಿದ್ದ, ನಾನು ಹೂಂಗುಟ್ಟುತ್ತಿದ್ದೆ.

ಸಾಹೇಬರು ಎರಡು ಸಲ ಓದಿದರು. "ಕಲ್ಲು ತಾನಾಗಿಯೇ ಮೇಲೆ ಬಂತೇ?" ಎಂದು ಕೇಳಿದರು.

"ಎರೆ ಮಣ್ಣು ಸಾಹೇಬ. ಹಸಿಯಾದರೆ ಉಬ್ಬುತ್ತದೆ."

"ಈ ತಿಂಗಳು ಎಲ್ಲಿ ಮಳೆ ಬಂತು?"

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಆ ಕಡೆ ಹತ್ತು ವರ್ಷ ತಿರುಗಿದ ಮನುಷ್ಯ, ಎಳ್ಳಮಾವಾಸ್ಯೆ ಏನೆಂದು ನನಗಿಂತ ಚೆನ್ನಾಗಿ ಬಲ್ಲವರು.

"ಅಮಾವಾಸ್ಯೆಯ ದಿನ ಊಟ ಹೇಗಿತ್ತು?" ಎಂದರು.

"ಬಹಳ ಚೆನ್ನಾಗಿತ್ತು ಸಾಹೇಬ."

"ಹೂಂ" ಎಂದು ಮತ್ತೆ ಕನ್ನಡಕ ಹಾಕಿಕೊಂಡು ತೀರ್ಪು ಹೇಳಿದರು. ನನ್ನ ನೌಕರಿಯ ಪುಸ್ತಕದಲ್ಲಿ ಒಂದು ಕಪ್ಪು ಮಾತು ಬರೆಯುವರು. ಹಳೆಯ ಅಂಕಿಗಳಿಗೆ ಮುಕ್ಕಾಲು ಕೂಡಿಸಿ ತಂದು ತೋರಿಸಿದರೆ ಒಪ್ಪುವುದಿಲ್ಲ, ಗುಡಿಯ ಕಟ್ಟೆಯಿಂದ ಮಸ್ಕಿಯ ಬಂಡೆಯ ತನಕ ಮೂರನೆಯ ಸಲ ನಡೆಯಬೇಕು. ಬಂಡೆಯ ಗುರುತಿಗೆ ಹೊಂದಿದರೆ ಮುದುಕ ಉಳಿಯುತ್ತಾನೆ. ಹೊಂದದಿದ್ದರೆ ಇಬ್ಬರೂ ಮನೆಗೆ ಹೋಗಬಹುದು.

ಆ ಮೂರನೆಯ ನಡಿಗೆಯನ್ನು ನಾನು ನನ್ನ ನೌಕರಿಯಲ್ಲೇ ಅತ್ಯಂತ ಎಚ್ಚರದಿಂದ ಮಾಡಿದೆ. ಹಿಂದಿನ ಕೋಲಿಗೆ ಎಷ್ಟು ದೂರವೋ ಮುಂದಿನ ಕೋಲಿಗೂ ಅಷ್ಟೇ ದೂರ, ಹೆಜ್ಜೆ ಎಣಿಸಿ. ಪ್ರತಿ ಅಂಕಿ ಎರಡು ಸಲ. ಬನ್ನಿ ಗಿಡವನ್ನು ದಾಟಿ ಮುಂದಿನ ಇನ್ನೊಂದು ಹಳ್ಳದ ದಂಡೆಯ ಹಾಸುಬಂಡೆಯ ಮೇಲೆ ಹೊಸ ಗುರುತು ಕೊರೆಸಿದೆ. ಅಷ್ಟರಲ್ಲಿ ಜೋಳ ಕೀಳುವ ಸುಗ್ಗಿ ಶುರುವಾಗಿತ್ತು. ದಿನದಿನಕ್ಕೂ ಹೊಲಗಳು ಬಯಲಾಗಿ ದೂರ ದೂರಕ್ಕೆ ಕಣ್ಣು ಹರಿಯುತ್ತಿತ್ತು. ಮಂದಿ ಕೆಲಸ ನಿಲ್ಲಿಸಿ, "ಮತ್ತ ಬಂದ್ರೇನ್ರೀ? ನಮ್ಮ ನೆಲಾ ಅಷ್ಟ ಸೇರೇತೇನು?" ಎಂದು ಕಿಚಾಯಿಸಿ ಮಜ್ಜಿಗೆ ಕೊಡುತ್ತಿದ್ದರು. ಸೇರಿತ್ತು, ಸುಳ್ಳೇಕೆ ಹೇಳಲಿ. ಆದರೆ ಒಳಗೆ ಅಳುಕಿತ್ತು. ಆ ಗೇಣಿನ ಹಿಂದೆ ಇನ್ನೊಂದು ತಪ್ಪು ಅಡಗಿದ್ದರೆ? ಹಳ್ಳದ ಚಿಲಕ ನಿಜವಾಗಿಯೂ ಜಾರಿದ್ದರೆ?

ಐದನೆಯ ದಿನ ಸಂಜೆ, ಬಿಸಿಲು ಗುಡ್ಡದ ಮೇಲೆ ಇನ್ನೂ ಇದ್ದಾಗ, ಕಾಕಾ ಮಸ್ಕಿಯ ಬಂಡೆಯ ಮೇಲೆ ಕೋಲು ನಿಲ್ಲಿಸಿದ. ತೂಗಿದ, ಉಸಿರು ಹಿಡಿದ. ಓದಿದೆ. ಬರೆದೆ. ಸ್ಟ್ಯಾಂಡಿನ ಪಕ್ಕದಲ್ಲೇ ಮೊಣಕಾಲೂರಿ ಕೂಡಿದೆ. ಒಂದು ದಾರದಷ್ಟು ಅಂತರ ಬಂತು. ಅಷ್ಟನ್ನು ಯಾರೂ ತಪ್ಪು ಎನ್ನುವುದಿಲ್ಲ.

ತಲೆಯೆತ್ತಿದರೆ ಅವನು ಕೋಲು ಹಿಡಿದು ಹಾಗೆಯೇ ನಿಂತಿದ್ದ. ಮೂವತ್ತು ವರ್ಷದಲ್ಲಿ ಅಂಕಿ ಎಷ್ಟು ಬಂತೆಂದು ಅವನು ಯಾರನ್ನೂ ಕೇಳಿದವನಲ್ಲ, ಕೇಳುವ ರೂಢಿಯೂ ಇರಲಿಲ್ಲ. ಅವತ್ತೂ ಕೇಳಲಿಲ್ಲ.

"ಕೂಡೇತಿ ಕಾಕಾ! ಕೂಡೇತಿ!" ಎಂದು ಕೂಗುತ್ತಾ ಓಡಿದೆ. ಅವನ ಕೈಯಿಂದ ಕೋಲು ಕಸಿದುಕೊಂಡೆ. "ಇವತ್ತ ಕೋಲು ನಾ ಹಿಡೀತೀನಿ. ನೀ ಹೋಗು, ದುರ್ಬೀನಿನಾಗ ನೋಡು."

"ಯವ್ವಯ್ಯ, ನಮ್ಮಂಥೋರು ಅದನ್ನ ಮುಟ್ಟಬಾರದ್ರೀ."

"ಹೋಗು ಅಂದ್ರ ಹೋಗು!"

ಅವನು ರುಮಾಲಿನ ಸೆರಗಿನಿಂದ ಕೈ ಒರೆಸಿಕೊಂಡು ಹೋದ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಯಂತ್ರಕ್ಕೆ ತಾಗದಂತೆ ಬಗ್ಗಿ, ಒಂದು ಕಣ್ಣು ಮುಚ್ಚಿದ. ಆಮೇಲೆ ಚೀರಿದ.

"ರಾಯರ! ನೀವು ತಲಿ ಕೆಳಗ, ಕಾಲ ಮ್ಯಾಲ ಮಾಡಿ ನಿಂತೀರಲ್ರೀ!"

ನಮ್ಮ ಯಂತ್ರದ ಗಾಜಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ಓದುವವರಿಗೆ ಅದು ರೂಢಿಯಾಗಿರುತ್ತದೆ. ಕೋಲು ಹಿಡಿದವನಿಗೆ ಯಾರೂ ಅದನ್ನು ಹೇಳಿರಲಿಲ್ಲ.

"ಅದರಾಗ ಎಲ್ಲಾ ಹಂಗೇ ಕಾಣೂದು ಕಾಕಾ!"

ಅವನು ನೆಟ್ಟಗಾಗಿ ನಿಂತು ನನ್ನನ್ನು ಬರಿಗಣ್ಣಿನಿಂದ ನೋಡಿದ.

"ಅಂದ್ರ ಮೂವತ್ತ ವರ್ಷ ನಾ ಎಲ್ಲಾ ಸಾಹೇಬ್ರಿಗೂ ಹಿಂಗ ಉಲ್ಟಾನ ಕಂಡೀನಿ?"

"ಹೌದು ಕಾಕಾ."

"ಮತ್ತ ನೀವರ ನನ್ನ ಹೆಂಗ ಗುರ್ತ ಹಿಡದ್ರಿ?"

ಕೋಲನ್ನು ಅವನ ಹಾಗೆ ತುದಿಬೆರಳಲ್ಲಿ ಹಿಡಿದು ತೂಗಿ ನೋಡಿದೆ, ನೆಟ್ಟಗೆ ನಿಲ್ಲಿಸಲು ಆಗಲಿಲ್ಲ.

"ಗುರ್ತ ಹಿಡಿಯಾಕ ತಡಾ ಆತು ಕಾಕಾ" ಎಂದೆ.